ಬೀಗ್ರಿಗೆ ಮದ್ದಿಕ್ಕಿದ್ದು

ಹೊಸ್ದಾಗಿ ಆರೋಗ್ಯ ಇಲಾಖೆ ಸೇರ್ಕಂಡಿರೋ ಹುಡ್ಗೀರಾ, ನಿಮ್ ಜೊತೆ ಕೆಲ್ಸ ಮಾಡೋ ರಶ್ಮಿ ನನ್ ಮೊಮ್ಮಗಳು. "ಅಜ್ಜಿ, ಮುಂದಿನ ತಿಂಗ್ಳು ನಮ್ಗೆ ಇಲಿ ಡ್ಯೂಟಿ ಹಾಕವ್ರೆ, ನಿನ್ ಕಾಲ್ದಲ್ಲಿ ಹೆಂಗ್ ಮಾಡ್ತಿದ್ದೆ ಅಂತ ನಮ್ ಗ್ರೂಪಿಗೆ ಬರ್ದು ಹಾಕು" ಅಂತ ಜೀವ ತಿಂದ್ಲು. ಫೋನಲ್ಲಿ ಒತ್ತೋದು ಕಲ್ತು ಎರಡು ತಿಂಗ್ಳಾಯ್ತು. ನಾನು "ಇಲಿ" ಅಂತ ಒತ್ತಿದ್ರೆ ಈ ಫೋನು "ಇಲ್ಲಿ" ಅಂತ ತಿದ್ತದೆ. ಮತ್ತೆ ಒತ್ತುದ್ರೆ ಮತ್ತೆ "ಇಲ್ಲಿ". ನಮ್ ಕಡೆ ಹೆಂಗಸ್ರ ಥರ ಇದಕ್ಕೂ ಆ ಹೆಸ್ರು ಎತ್ತೋಕೆ ಹೆದ್ರಿಕೆ ಅಂತ ಕಾಣ್ತದೆ. ಯಾಕೆ ಹೆದ್ರಿಕೆ ಅಂತ ಮುಂದೆ ಹೇಳ್ತೀನಿ.

ನಂಗೆ ಯಾವಾಗ ಬಡ್ತಿ ಸಿಕ್ತು, ಎಲ್ಲೆಲ್ಲಿಗೆ ವರ್ಗ ಆಯ್ತು, ಅದೆಲ್ಲ ಹೇಳಲ್ಲ. ಅದು ಸರ್ವೀಸ್ ಪುಸ್ತಕದಲ್ಲಿ ಅದೆ, ಅದನ್ನ ಯಾವ್ದೋ ಆಫೀಸಲ್ಲಿ ಇಷ್ಟೊತ್ಗೆ ನಮ್ ಗಿರಾಕಿಗಳೇ ತಿಂದಾಕಿರ್ತವೆ. ನಾನು ಹೇಳೋದು ಕೆಲ್ಸ ನಿಜವಾಗ್ಲೂ ಹೆಂಗಿತ್ತು ಅಂತ.

ಐವತ್ತರ ದಶಕದ ಕೊನೆ ಕೊನೆ. ನಂಗೆ ಹತ್ತೊಂಬತ್ತು ವರ್ಷ. ಹುಣಸೂರಿನ ಹುಡ್ಗಿ, ಎರಡು ಜಡೆ ಬಿಟ್ಟು ಒಂದು ಜಡೆ ಹಾಕ್ಕಂಡು, ದೊಡ್ಡೋಳಾದೆ ಅಂತ ಗ್ರಾಮಸೇವಿಕೆ ಕೆಲ್ಸಕ್ಕೆ ಸೇರ್ದೆ. ಪಿರಿಯಾಪಟ್ಟಣದ ಕಡೆ ಕಂಪಲಾಪುರದ ಸುತ್ತ ಹಳ್ಳಿಗಳು ನನ್ ಪಾಲಿಗೆ ಬಂದ್ವು. ಸೇವಿಕೆ ಅನ್ನೋಕೆ ಬಾಯಿ ತಿರುಗ್ದೆ ಜನ ಎಲ್ಲಾ ನನ್ನ ಸೇವ್ಕಮ್ಮ ಅಂತಿದ್ರು. ಹೊಗೆ ಇಲ್ದಿರೋ ಒಲೆ ಕಟ್ಸೋದು, ಬಚ್ಚಲು ನೀರಿಗೆ ಗುಂಡಿ ತೋಡ್ಸೋದು, ಮನೆ ಮನೆ ಇಲಿ ಓಡ್ಸೋದು. ಮೊದ್ಲೆರಡು ನಂಗೆ ಗೊತ್ತಿರ್ಲಿಲ್ಲ. ಮೂರ್ನೇದು ಕಂಡ್ರೆ ನಂಗೇ ಜೀವ ಹೋಗ್ತಿತ್ತು. ಸುಂಡಿಲಿ ಕಂಡ್ರೂ ಒರಳುಕಲ್ಲು ಹತ್ತಿ ನಿಂತ್ಕಳೋ ಪೈಕಿ ನಾನು. ಇದನ್ನ ಇಲಾಖೆಗೆ ಇವತ್ತಿನವರ್ಗೂ ತಿಳ್ಸಿಲ್ಲ.

ನಮ್ ಮೇಲೆ ಒಬ್ರು ಬ್ಲಾಕ್ ಸಾಹೇಬ್ರಿದ್ರು. ಮೈಸೂರಿನೋರು. ದಪ್ಪ ಕನ್ನಡಕ, ಅಗಲ ಪ್ಯಾಂಟು, ಬಾಯಿ ತೆಗೆದ್ರೆ "ಮೂಷಕ ನಿರ್ಮೂಲನ". ಮೊದಲ್ನೇ ದಿವ್ಸ ನಮ್ಗೆ ಬುದ್ಧಿ ಹೇಳಿದ್ರು: "ನೋಡಮ್ಮ ಸರೋಜ, ಹಳ್ಳಿಗೆ ಹೋದ್ಮೇಲೆ ಪುಸ್ತಕದ ಭಾಷೆ ಬಿಡು. ಜನರ ಭಾಷೇಲಿ ಮಾತಾಡು. ಅವರು ಹೇಗೆ ಅಂತಾರೋ ಹಾಗೇ ಅನ್ನು." ನಾನು ಹೂಂ ಅಂತ ತಲೆ ಆಡಿಸ್ದೆ. ಎಲ್ಲಾ ಅನಾಹುತ ಆಗಿದ್ದು ಆ ಒಂದು ಮಾತು ನಾನು ಪಾಲಿಸಿದ್ರಿಂದ.

ಸಾಹೇಬ್ರು ತಾವೇ ಒಂದ್ಸಲ ಊರ ಮುಂದಿನ ಕಟ್ಟೆ ಮೇಲೆ ಬೋನು ತೋರ್ಸೋಕೆ ಬಂದ್ರು. ತಂತಿ ಬೋನು, ಒಳ್ಗೊಂದು ಹೆಗ್ಗಣದ ಥರದ್ದು ಬಿದ್ದಿತ್ತು. "ಈ ಬಾಗಿಲು ಹೀಗೆ ಮುಚ್ಚಿಕೊಳ್ಳುತ್ತದೆ, ಹೀಗೆ ತೆರೆಯುತ್ತದೆ" ಅಂತ ತೆರೆದೇಬುಟ್ರು. ಅದು ಎಲ್ಲೂ ಹೋಗ್ಲಿಲ್ಲ, ಸೀದಾ ಸಾಹೇಬ್ರ ಪ್ಯಾಂಟಿನೊಳಕ್ಕೆ ಹೋಯ್ತು. ಆಮೇಲೆ ಅವ್ರು ಕುಣುದ್ರಲ್ಲ, ಅಂಥ ಕುಣಿತ ನಾನು ಇವತ್ತಿನವರ್ಗೂ ಟೀವೀಲೂ ನೋಡಿಲ್ಲ. ಹಿಂದ್ಗಡೆ ಕೂತಿದ್ದ ಮುದುಕ್ರು ಇದೂ ಸರ್ಕಾರದ ಕಾರ್ಯಕ್ರಮವೇ ಅಂದ್ಕಂಡು ಚಪ್ಪಾಳೆ ತಟ್ಟುದ್ರು. "ಇನ್ನೊಂದ್ಸಲ ಆಗ್ಲಿ ಸಾಮಿ!" ಅಂದೋನು ಯಾರೋ ಗೊತ್ತಿಲ್ಲ. ನಾನು ಆಗ್ಲೇ ಕಟ್ಟೆ ಹಿಂದಿನ ಅರಳಿಮರ ತಬ್ಕಂಡಿದ್ದೆ.

ನಾನೇನು ಕಮ್ಮಿ ಇರ್ಲಿಲ್ಲ. ಇಲಿಗೆ ಒಣಗಿದ ಕರ್ಮೀನು ವಾಸ್ನೆ ಅಂದ್ರೆ ಪ್ರಾಣ ಅಂತ ಟ್ರೇನಿಂಗಲ್ಲಿ ಹೇಳಿದ್ರಾ, ಮೊದಲ್ನೇ ವಾರ್ವೇ ಒಂದು ಕಟ್ಟು ಕರ್ಮೀನು ತಗಂಡು ಶಿವಮ್ಮೋರ ಅಡ್ಗೆಮನೆಗೆ ನುಗ್ದೆ. ಅವ್ರು ಲಿಂಗ ಕಟ್ಟಿದ ಮನೆಯೋರು. ಶಿವಮ್ಮ ಪೊರಕೆ ತಗಂಡು ನನ್ನೂ ಮೀನನ್ನೂ ಹಿತ್ಲು ದಾಟೋವರ್ಗೂ ಅಟ್ಟಾಡಿಸ್ಕಂಡು ಬಂದ್ಲು. ಇಲಿ ಓಡ್ಸೋಕೆ ಹೋದೋಳು ನಾನೇ ಬಿಲ ಹುಡುಕ್ದೆ. ಮಾರ್ನೇ ದಿವ್ಸ ಸುಟ್ಟ ಕೊಬ್ರಿ ಹಿಡ್ಕಂಡು ಹೋಗಿ ಕೈ ಮುಗ್ದೆ. ಅವತ್ತಿಂದ ನಾವಿಬ್ರೂ ಜೀವದ ಗೆಳತೀರು. ನೀವೂ ಬರ್ಕಳಿ: ಮೊದ್ಲು ಆ ಮನೆ ಜನ ಏನು ತಿಂತಾರೆ ಅಂತ ಕೇಳಿ, ಆಮೇಲೆ ಇಲಿಗೆ ಏನಿಕ್ಬೇಕು ಅಂತ ಕೇಳಿ.

ಈ ಶಿವಮ್ಮಂಗೆ ಮೂರು ಹೆಣ್ಣು. ಗಂಡ ರಾಚಪ್ಪ, ಬಾಯಿಲ್ದ ದೇವ್ರು. ದೊಡ್ಮಗಳು ಪಾರ್ವತಿ, ಪಾರಿ ಅಂತಿದ್ವಿ, ನನ್ ವಯಸ್ನೋಳೇ. ಮನೆ ತುಂಬ ರಾಗಿ, ಅಟ್ಟದ ತುಂಬ ಹುರುಳಿ, ಎರಡ್ರ ತುಂಬ ಇಲಿ. ಅದ್ರಲ್ಲಿ ಒಂದಕ್ಕಂತೂ ಗುಡಾಣದಂಥ ಹೊಟ್ಟೆ. ಆದ್ರೆ ಆ ಮನೇಲಿ "ಇಲಿ" ಅನ್ನೋ ಹಂಗೇ ಇಲ್ಲ. ಹೆಸ್ರು ಹಿಡ್ದು ಮದ್ದಿಕ್ಕುದ್ರೆ ಅವ್ಕೆ ಕೇಳುಸ್ಬುಡ್ತದೆ, ಆ ಕಡೆ ಮೂಸೂ ನೋಡಲ್ಲ ಅಂತ ಊರಿಗೆ ಊರೇ ನಂಬ್ತಿತ್ತು. ಅದುಕ್ಕೆ ಒಂದೊಂದು ಮನೇಲಿ ಒಂದೊಂದು ಗುಟ್ಟಿನ ಹೆಸ್ರು. ಶಿವಮ್ಮ ಇಟ್ಟಿದ್ದ ಹೆಸ್ರು "ಬೀಗ್ರು".

"ಯಾಕವ್ವ ಬೀಗ್ರು ಅಂತೀರಿ?" ಅಂತ ಪಿಸುಗುಟ್ದೆ.

"ಇನ್ನೇನಂತಾರೆ ಸೇವ್ಕಮ್ಮ? ಕರೀದೆ ಬತ್ತವೆ, ಒಳ್ಳೇದ್ನೇ ನೋಡಿ ತಿಂತವೆ, ತಿಂದ್ಮೇಲೂ ಕೊರೀತವೆ."

ನಂಗೆ ಎಷ್ಟು ಹಿಡಿಸ್ತು ಅಂದ್ರೆ, ಅವತ್ತಿಂದ ನಾನೂ ಬೀಗ್ರು ಅಂತ್ಲೇ ಶುರು ಮಾಡ್ದೆ. ಜನರ ಭಾಷೆ ಅಲ್ವಾ.

ಆಗ ಹೊಸ್ದಾಗಿ ಒಂದು ಕರೀ ಪುಡಿ ಬಂದಿತ್ತು, ಬೆಳ್ಳುಳ್ಳಿ ವಾಸ್ನೆ. ಅದನ್ನ ಒಂದೇ ಸಲಕ್ಕೆ ಇಕ್ಕೋ ಹಂಗಿಲ್ಲ. ಮೂರು ದಿವ್ಸ ಬರೀ ಹಿಟ್ಟು, ಎಣ್ಣೆ ಕಲ್ಸಿ ಇಡ್ಬೇಕು. ಅವು ನಂಬ್ಕಂಡು, ಸಂಸಾರ ಸಮೇತ ಬಂದು ಊಟ ಮಾಡ್ಕಂಡು ಹೋಗ್ತವೆ. ನಾಕ್ನೇ ದಿವ್ಸ ಮದ್ದು ಬೆರೆಸೋದು. ಶಿವಮ್ಮಂಗೆ ಇದನ್ನ ಕಲಿಸ್ಕೊಟ್ಟು, ಕೈಗೆ ಬಟ್ಟೆ ಸುತ್ಕಳಿ, ಅಡ್ಗೆ ಪಾತ್ರೆ ಮುಟ್ಬೇಡಿ, ಅಟ್ಟದ ಮೇಲೆ ಮಾತ್ರ ಇಡಿ ಅಂತ ಹತ್ತು ಸಲ ಹೇಳಿ, ಬೇರೆ ಹಳ್ಳಿಗೆ ಹೋದೆ. ನಾಕು ದಿವ್ಸ ಬಿಟ್ಟು, ಒಂದು ಸೋಮ್ವಾರ ಮಧ್ಯಾಹ್ನ ವಾಪಸ್ ಬಂದೆ.

ಈಗ ಒಂದು ವಿಷ್ಯ ಹೇಳ್ಬೇಕು, ಇಲ್ದಿದ್ರೆ ಈಗಿನ ಕಾಲದ ನಿಮ್ಗೆ ಅರ್ಥ ಆಗಲ್ಲ. ನಮ್ ಕಡೆ "ಮದ್ದಿಕ್ಕೋದು" ಅಂದ್ರೆ ಸಾಮಾನ್ಯ ಮಾತಲ್ಲ. ಯಾರಿಗೋ ಆಗ್ದೋರು ಊಟದಲ್ಲಿ ಏನೋ ಬೆರೆಸಿ ಕೊಡ್ತಾರೆ, ಅದು ಹೊಟ್ಟೇಲಿ ಕೂತ್ಕಂಡು ಮನುಷ್ಯ ಸೊರಗಿ ಸಾಯ್ತಾನೆ ಅಂತ. ಅದನ್ನ ವಾಂತಿ ಮಾಡ್ಸಿ ತೆಗೆಯೋರು ಬೇರೆ ಊರೂರ್ಗೂ ಇದ್ರು. ಒಂದ್ಸಲ "ಮದ್ದಿಕ್ಕೋ ಮನೆ" ಅನ್ನೋ ಹೆಸ್ರು ಬಿತ್ತೋ, ಆ ಮನೇಲಿ ಒಂದು ಲೋಟ ನೀರು ಯಾರೂ ಕುಡಿಯಲ್ಲ. ಹೆಣ್ಣು ತರೋದಂತೂ ಕನಸಲ್ಲೂ ಇಲ್ಲ.

ಆ ಸೋಮ್ವಾರ ಶಿವಮ್ಮನ ಮನೆಗೆ ಕೆ.ಆರ್. ನಗರದ ಕಡೆ ಹೊಸ ಅಗ್ರಹಾರದಿಂದ ಪಾರೀನ ನೋಡೋಕೆ ಗಂಡಿನ ಕಡೆಯೋರು ಐದು ಜನ ಬಂದವ್ರೆ. ಹುಡುಗ ಮಲ್ಲೇಶ. ಹುಡುಗನ ಸೋದರಮಾವ ಸಿದ್ದಪ್ಪ, ಹೊಟ್ಟೆ ಮುಂದೆ, ತಾನು ಹಿಂದೆ. ಹುಡುಗಿ ಒಪ್ಪಿಗೆ ಆಗವ್ಳೆ. ಪಾರಿಗಂತೂ ಹುಡುಗ ಎಷ್ಟು ಹಿಡ್ಸವ್ನೆ ಅಂದ್ರೆ ನೀರು ಕೊಡೋಕೆ ಹೋಗಿ ಲೋಟ ಅವ್ನ ಕೈಗೆ ಕೊಡೋ ಬದ್ಲು ಗಾಳಿಗೆ ಕೊಟ್ಟವ್ಳೆ. ಊಟ ಆದ್ಮೇಲೆ ಎಲೆ ಅಡ್ಕೆ ಬದ್ಲಾಯ್ಸೋದು ಅಂತ ಮಾತಾಗಿ, ಹಜಾರದಲ್ಲಿ ಎಲೆ ಹಾಕಿ ಬಡುಸ್ತಾವ್ರೆ. ಇದ್ಯಾವ್ದೂ ನಂಗೆ ಗೊತ್ತಿಲ್ಲ. ನಾನು ಎಂದಿನಂಗೆ ಹಿತ್ಲು ಬಾಗ್ಲಲ್ಲಿ ನುಗ್ಗಿ, ಊರಿಗೇ ಕೇಳೋ ಹಂಗೆ ಕೂಗ್ದೆ:

"ಶಿವಮ್ಮೋರೇ! ಬೀಗ್ರಿಗೆ ಮದ್ದಿಕ್ಕುದ್ರಾ?"

ಅಡ್ಗೆಮನೆಯಿಂದ ಶಿವಮ್ಮ ಸೌಟು ಹಿಡ್ಕಂಡೇ ಓಡ್ಬಂದು ತುಟಿ ಮೇಲೆ ಬೆರಳಿಟ್ಲು. ಅದರಲ್ಲೇನೂ ಹೊಸ್ದಿಲ್ಲ. ಬೀಗ್ರ ಮಾತು ಬಂದಾಗೆಲ್ಲ ಹಂಗೇ ಬೆರಳಿಡೋಳು. ಅಂದ್ರೆ ಅಲ್ಲೇ ಹತ್ರದಲ್ಲಿ ಓಡಾಡ್ತಾವೆ ಅಂತ ನಂಗೆ ಖುಷಿ ಆಯ್ತು.

"ಓ, ಇಲ್ಲೇ ಅವ್ರಾ? ಎಷ್ಟು ಜನ?"

ಶಿವಮ್ಮ ಪಾಪ, ಗಾಬ್ರೀಲಿ, ಕೇಳಿದ್ದಕ್ಕೆ ಉತ್ತರ ಅಂತ ಐದು ಬೆರಳು ತೋರ್ಸಿದ್ಲು.

"ಐದೂ ತಿಂತಾವ್ರಾ? ಚೆನ್ನಾಗಾಯ್ತು! ಆ ದೊಡ್ ಹೊಟ್ಟೇದೂ ಬಂದದಾ?"

ಹಜಾರದಲ್ಲಿ ಸೊರ್ ಸೊರ್ ಅಂತಿದ್ದ ಸದ್ದು ನಿಂತೋಯ್ತು. ಶಿವಮ್ಮ ಕಣ್ಣಲ್ಲೇ ಏನೇನೋ ಹೇಳ್ತಾವ್ಳೆ. ಬೀಗ್ರು ಸತ್ರೆ ಪಾಪ ಬತ್ತದೇನೋ ಅಂತ ಹೆದರ್ಕಂಡವ್ಳೆ ಅಂದ್ಕಂಡು, ನಾನು ಧೈರ್ಯ ಹೇಳ್ದೆ.

"ನೀವೇನೂ ಯೋಚ್ನೆ ಮಾಡ್ಬೇಡಿ ಕಣ್ರೀ. ಈಗ್ಲೇ ಏನಾಗಲ್ಲ, ನೀರು ಹುಡುಕ್ಕಂಡು ಆಚೆ ಹೋಗಿ ಸಾಯ್ತವೆ. ವಾಸ್ನೆ ಬರೋಕ್ ಮುಂಚೆ ತಿಪ್ಪೇಲಿ ಹೂತ್ಬುಡಿ, ಸರ್ಕಾರದ್ದೇ ಮದ್ದು!"

ಹಜಾರದಲ್ಲಿ ಧಡಾರ್ ಅಂತು. ಹೋಗಿ ಇಣುಕ್ತೀನಿ, ಐದು ಎಲೆ, ಅರ್ಧರ್ಧ ಪಾಯ್ಸ, ಜನ ಇಲ್ಲ. ಬೀದೀಲಿ ಸಿದ್ದಪ್ಪ ಗಂಟಲಿಗೆ ಬೆರಳು ಹಾಕ್ಕಂಡು ಓಡ್ತಾವ್ನೆ, "ಸತ್ನಲ್ರಪ್ಪೋ! ಸರ್ಕಾರ್ವೂ ಸೇರ್ಕಂಡದೆ ಕಣ್ರಲೋ!" ಅಂತ ಕೂಗ್ತಾವ್ನೆ. ಹಿಂದೆ ಹೆಂಗಸ್ರು. ಕೊನೇಲಿ ಆ ಹುಡುಗ ಮಲ್ಲೇಶ, ಪಾಪ, ತಿರುಗಿ ತಿರುಗಿ ಮನೆ ಬಾಗ್ಲು ನೋಡ್ಕಂಡು ಓಡ್ದ. ಬಾಗ್ಲಲ್ಲಿ ಪಾರಿ ಪಾಯ್ಸದ ಬೋಸಿ ಹಿಡ್ಕಂಡು ನಿಂತಿದ್ಲು.

ನಗಬೇಡಿ. ಅವತ್ತು ನಾನು ನಗ್ಲಿಲ್ಲ. ನಗು ಬಂದಿತ್ತು, ಒಪ್ಕತೀನಿ, ಆದ್ರೆ ಪಾರಿ ಮುಖ ನೋಡಿ ನುಂಗ್ಕಂಡೆ.

ಆ ಐದು ಜನ ಸೀದಾ ದಾರೀಲಿ ಒಬ್ಬ ಮದ್ದು ತೆಗೆಯೋನ ಹತ್ರ ಹೋದ್ರಂತೆ. ಅವ್ನು ಯಾವ್ದೋ ಸೊಪ್ಪಿನ ರಸ ಕುಡಿಸಿ ಕಕ್ಕಿಸ್ದ. ಅಲ್ಲಿಗಾದ್ರೂ ಮುಗೀತಾ? ಸಿದ್ದಪ್ಪ ಕಕ್ಕಿದ್ರಲ್ಲಿ ಆ ಮದ್ದು ತೆಗೆಯೋನು ಒಂದು ಉಂಡೆ ಎತ್ತಿ ತೋರ್ಸಿ, "ಇದೇ ನೋಡಪ್ಪ ಮದ್ದು, ಇನ್ನೊಂದು ಗಳಿಗೆ ಬಿಟ್ಟಿದ್ರೆ ಕರುಳು ಕಚ್ಕತಿತ್ತು" ಅಂದ್ನಂತೆ. ಸಿದ್ದಪ್ಪ ಅದನ್ನ ಸಾಕ್ಷಿಗೆ ಅಂತ ಕಾಗ್ದದಲ್ಲಿ ಸುತ್ಕಂಡು ಊರಿಗೆ ತಗಂಡೋದ. ಎರಡೇ ದಿವ್ಸಕ್ಕೆ ಸುದ್ದಿ ಕಂಪಲಾಪುರಕ್ಕೆ ವಾಪಸ್ ಬಂತು. ರಾಚಪ್ಪ ಹೋಟ್ಲಿಗೆ ಹೋದ್ರೆ ಪಕ್ಕದೋರು ತಮ್ ಲೋಟ ಎತ್ತಿ ಆಚೆ ಇಟ್ಕತಿದ್ರು. ಶಿವಮ್ಮನ ಮನೆ ಮಜ್ಜಿಗೆ ಇಸ್ಕತಿದ್ದ ಅಕ್ಕಪಕ್ಕದ ಹೆಂಗಸ್ರು "ಇವತ್ತು ಸೀತ ಕಣವ್ವ, ಮಜ್ಜಿಗೆ ಬ್ಯಾಡ" ಅಂದ್ರು. ನೆಟ್ಟಗೆ ಬೈದಿದ್ರೆ ವಾಸಿ ಆಗಿತ್ತು.

ಸಾಹೇಬ್ರ ಹತ್ರ ಹೋಗಿ ಎಲ್ಲಾ ಹೇಳ್ದೆ. ಅವ್ರು ಕನ್ನಡಕ ತೆಗುದ್ರು, ಒರೆಸಿದ್ರು, ಹಾಕ್ಕಂಡ್ರು.

"ಮೂಷಕ ಅನ್ನಬಾರದಾಗಿತ್ತೇನಮ್ಮಾ? ನಿನಗೆ ಯಾರು ಹೇಳಿದ್ದು ಹಾಗೆಲ್ಲ ಮಾತಾಡು ಅಂತ?"

"ನೀವೇ ಸಾರ್. ಜನರ ಭಾಷೇಲಿ ಮಾತಾಡು ಅಂದ್ರಿ."

ಸಾಹೇಬ್ರು ಕನ್ನಡಕ ಮತ್ತೆ ತೆಗುದು, "ಇನ್ನೊಂದು ದೂರು ಬಂದರೆ ನಿನ್ನ ಎಚ್.ಡಿ. ಕೋಟೆ ಕಾಡಿಗೆ ಹಾಕ್ತೀನಿ. ಅಲ್ಲಿ ಆನೆ ಓಡಿಸು" ಅಂದ್ರು. ಇಲಿಗಿಂತ ಆನೆ ವಾಸಿ ಅನ್ನುಸ್ತು. ಪ್ಯಾಂಟಿನೊಳಕ್ಕಂತೂ ಹೋಗಲ್ಲ. ಹೇಳ್ಲಿಲ್ಲ.

ಶಿವಮ್ಮನ ಮನೆಗೆ ಹೋದೆ. ಪೊರಕೆ ಏಟು ಬಿದ್ದಿದ್ರೂ ಬೇಜಾರಿರ್ಲಿಲ್ಲ. ಶಿವಮ್ಮ ನನ್ ಕಡೆ ಬೆನ್ನು ಹಾಕಿ ಒಲೆ ಊದ್ತಾ ಕೂತ್ಲು. ಪಾರಿ ನನ್ನ ಹಿತ್ಲಿಗೆ ಎಳ್ಕಂಡೋಗಿ ಹೇಳಿದ್ಲು, "ಅಕ್ಕಾ, ನಂಗೆ ಮದ್ವೆ ಆಗ್ದಿದ್ರೆ ಕತ್ತೆ ಬಾಲ. ಆದ್ರೆ ನನ್ ತಂಗೀರಿಬ್ರು ಅವ್ರೆ. ಈ ಎಸ್ರು ಒತ್ಕಂಡು ಅವ್ರೆಲ್ಲೋಗ್ಬೇಕು? ನೀನಾಡಿದ್ ಮಾತ್ನ ನೀನೇ ಓಗಿ ಬಿಡ್ಸು." ಆಮೇಲೆ ಕಣ್ಣೊರೆಸ್ಕಂಡು, "ಅಂಗೇ... ಅವ್ರಿಗೆ ಉಸಾರಾಯ್ತಾ ಅಂತ್ಲೂ ನೋಡ್ಕಂಡ್ ಬಾ" ಅಂದ್ಲು. ಕತ್ತೆ ಬಾಲ ಅಂತೆ!

ಮಾರ್ನೇ ದಿವ್ಸ ಬೆಳಿಗ್ಗೆ ರಾಚಪ್ಪನೋರ್ನ ಕರ್ಕಂಡು ಹೊರಟೆ. ಎರಡು ಬಸ್ಸು, ಆಮೇಲೆ ಗದ್ದೆ ಬದು. ದಾರಿಯುದ್ದಕ್ಕೂ ಅವ್ರು ಒಂದೇ ಮಾತು ಆಡಿದ್ದು: "ಅಲ್ಲೋಗಿ ನೀನು ಕೂಗ್ಬ್ಯಾಡ ಕಣವ್ವ."

ಹೊಸ ಅಗ್ರಹಾರದ ಆ ಮನೆ ಜಗಲಿ ಮೇಲೆ ರಾಚಪ್ಪ ಕೂತ್ರು. ಯಾರೂ ಬನ್ನಿ ಅನ್ಲಿಲ್ಲ, ಕೈಕಾಲಿಗೆ ನೀರು ಕೊಡ್ಲಿಲ್ಲ. ಸಿದ್ದಪ್ಪ ಕಂಬಕ್ಕೆ ಒರಗಿ, ಹೊಟ್ಟೆ ಮೇಲೆ ಎರಡೂ ಕೈ ಇಟ್ಕಂಡು, ನಮ್ಮನ್ನ ನೋಡಿ ಎರಡು ಹೆಜ್ಜೆ ಹಿಂದಕ್ಕೋದ. ಮಲ್ಲೇಶ ಕೊಟ್ಟಿಗೆ ಬಾಗ್ಲಲ್ಲಿ ನಿಂತಿದ್ದ. ನಾನು ಹೆಂಗಸು ತಾನೆ, ಸೀದಾ ಒಳಕ್ಕೆ ಹೋದೆ. ನಡುಮನೇಲಿ ಹುಡುಗನ ಅಜ್ಜಿ ಬಸಮ್ಮ ಅವರೆಕಾಯಿ ಸುಲೀತಾ ಕೂತಿದ್ರು. ಹಲ್ಲಿಲ್ಲ, ಕಣ್ಣು ಮಾತ್ರ ಸೂಜಿ. ಪಕ್ಕದಲ್ಲಿ ಅವ್ರ ಸೊಸೆ, ಹುಡುಗನ ತಾಯಿ.

"ನೀನೇನಾ ಅವತ್ತು ಊತಾಕಿ ಅಂದೋಳು?" ಅಂತು ಅಜ್ಜಿ.

"ನಾನೇ ಅಜ್ಜಿ. ಹೂತಾಕಿ ಅಂದಿದ್ದು ನಿಮ್ಮೋರ್ನಲ್ಲ. ಕಂಪಲಾಪುರದ ಆ ಮನೇಲಿ ಇಲಿಗೆ..."

ಅಷ್ಟೇ. ಅಜ್ಜಿ ಅವರೆ ಸೊನೆ ಕೈಯಲ್ಲೇ ನನ್ ಬಾಯಿ ಗಬಕ್ಕನೆ ಮುಚ್ಬುಟ್ರು.

"ಬಾಯ್ ಮುಚ್ಚೇ ಮುಂಡೆ! ಎಸ್ರು ಎತ್ತೀಯಾ? ಈಗ್ ತಾನೆ ಅಟ್ಟದ ಮ್ಯಾಲೆ ಮದ್ದು ಮಡ್ಗಿವ್ನಿ, ಕೇಳುಸ್ಕಂಡ್ಬುಡ್ತಾರೆ!"

ನಾನು ಅವ್ರ ಕೈ ಬಿಡಿಸ್ಕಂಡು ಮೆಲ್ಲಗೆ ಕೇಳ್ದೆ, "ಯಾರಜ್ಜಿ ಕೇಳುಸ್ಕಳೋರು?"

ಅಜ್ಜಿ ಅಟ್ಟ ನೋಡಿ, ನನ್ ಕಿವೀಲಿ ಅಂದ್ರು: "ಅವ್ರೇ ಕಣೆ. ಸೊಸೇರು."

ಪಕ್ಕದಲ್ಲಿದ್ದ ಸೊಸೆ ಅವರೆಕಾಯಿ ಕೆಳಗಿಟ್ಲು. "ಏನಂದ್ರಿ ಅತ್ತೆ? ಸೊಸೇರು ಅಂದ್ರೆ ಅಟ್ಟದ ಮ್ಯಾಲಿರೋವಾ? ಇಪ್ಪತ್ತೈದು ವರ್ಷದಿಂದ 'ಸೊಸೇರು ತಿಂದ್ ತಿಂದ್ ಮನೆ ಗುಡ್ಸಾಕುದ್ರು' ಅಂತ ಬೀದಿಗೆಲ್ಲ ಏಳ್ಕಂಡ್ ಬತ್ತಿದ್ರಲ್ಲ, ನನ್ನ ಅಂತ ಅಲ್ವಾ?"

"ನಿನ್ನಲ್ಲ ಕಣಮ್ಮಿ..." ಅಂದು, ಅಜ್ಜಿ ಒಂದ್ಗಳಿಗೆ ಯೋಚ್ನೆ ಮಾಡಿ, "ಎಲ್ಲಾ ದಿವ್ಸಾನೂ ನಿನ್ನಲ್ಲ" ಅಂದ್ರು.

ನಾನು ಆಗ ಹೇಳ್ದೆ, "ಅಜ್ಜಿ, ನಿಮ್ಮನೇಲಿ ಸೊಸೇರು. ಕಂಪಲಾಪುರದಲ್ಲಿ ಬೀಗ್ರು."

ಅಜ್ಜಿ ಬಾಯಿ ಅಗಲ ತೆರ್ಕಂಡ್ತು. ಮೊದ್ಲು ಸದ್ದೇ ಬರ್ಲಿಲ್ಲ, ಬರೀ ಭುಜ ಅಲ್ಲಾಡ್ತಿತ್ತು. ಆಮೇಲೆ ಅವರೆಕಾಯಿ ಮೊರ ಮಗುಚ್ಕಂಡು ನಕ್ಕುದ್ರು ನೋಡಿ, ಸೊಸೇಗೂ ನಗು, ನಂಗೂ ನಗು. ಸಿದ್ದಪ್ಪ ಒಳಕ್ಕೆ ಬಂದು, "ಏನ್ರವ್ವ ನಗ್ತೀರಿ, ಮದ್ದು ಸಿಕ್ಕದೆ, ಸಾಕ್ಷಿ ಅದೆ!" ಅಂತ ಗೂಡಿನಿಂದ ಕಾಗ್ದದ ಪೊಟ್ಟಣ ತಂದ. ಬಸಮ್ಮಜ್ಜಿ ಬಿಚ್ಚಿ, ಬೆಳಕಿಗೆ ಹಿಡ್ದು, ಉಗುರಲ್ಲಿ ಸೀಳಿ ನೋಡುದ್ರು. ಒಳ್ಗಡೆ ಬೀಜ.

"ಲೋ ಸಿದ್ದ, ದ್ರಾಕ್ಷಿ ಕಣ್ಲಾ ಇದು. ಪಾಯ್ಸದ್ದು. ಒಣದ್ರಾಕ್ಷಿನ ಅಗೀದೆ ನುಂಗುದ್ರೆ ಅಂಗೇ ಉಬ್ಕತದೆ. ನಿಂಗೆ ಮದ್ದು ಬ್ಯಾರೆ ಬೇಕಾ, ನೀನ್ ಉಣ್ಣೋ ರಭಸಕ್ಕೇ ಸಾಯ್ತೀಯ."

ಸಿದ್ದಪ್ಪ ಪೊಟ್ಟಣಾನೇ ನೋಡ್ತಾ ನಿಂತ. ಅದನ್ನ ಅವ್ನು ಅರ್ಧ ಊರಿಗೆ ತೋರ್ಸಿದ್ದ. ಮಲ್ಲೇಶ ಮಾತ್ರ ಒಳಕ್ಕೆ ಬಂದು, ತಂಬಿಗೆ ತುಂಬ ನೀರು, ಒಂದು ಅಚ್ಚು ಬೆಲ್ಲ ತಗಂಡು ಸೀದಾ ಜಗಲಿಗೆ ಹೋದ. ನಾನು ಬಾಗ್ಲಿಂದ ನೋಡ್ದೆ. ರಾಚಪ್ಪ ಆ ತಂಬಿಗೆ ಎರಡೂ ಕೈಲಿ ಇಸ್ಕಂಡು, ಮೊದ್ಲು ಆ ಹುಡುಗಂಗೇ ಚಾಚುದ್ರು. ಅವ್ನು ಎತ್ತಿ ಗಟಗಟ ಕುಡ್ದು, ಉಳ್ದಿದ್ದು ಅವ್ರಿಗೆ ಕೊಟ್ಟ. ಅದೇ ಎಲೆ ಅಡ್ಕೆ ಶಾಸ್ತ್ರ ಅಂತ ನನ್ ಲೆಕ್ಕ. ಆಮೇಲೆ ಮಾಡಿದ್ದೆಲ್ಲ ಬರೀ ಊರಿಗೆ.

ಎರಡು ತಿಂಗ್ಳಿಗೆ ಮದ್ವೆ ಆಯ್ತು. ಸಿದ್ದಪ್ಪ ಮದ್ವೆ ಊಟದಲ್ಲಿ ಎಲ್ರ ಮುಂದೂ ಮೂರು ಸಲ ಪಾಯ್ಸ ಹಾಕಿಸ್ಕಂಡ. ಒಂದೊಂದು ದ್ರಾಕ್ಷಿನೂ ಅಗ್ದು ಅಗ್ದು ತಿಂದ.

ಕೆಲ್ಸದಲ್ಲಿ ನನ್ ಪದ್ಧತಿ ಅವತ್ತಿಂದ ಬದ್ಲಾಯ್ತು. ಯಾವ ಮನೆಗೆ ಹೋದ್ರೂ ಮೊದ್ಲು ಮುಂದಿನ ಬಾಗ್ಲಿಗೆ ಹೋಗ್ತಿದ್ದೆ. ಜಗಲಿ ಕೆಳಗೆ ಚಪ್ಪಲಿ ಎಷ್ಟವೆ ನೋಡ್ತಿದ್ದೆ. ಆಮೇಲೆ ಆ ಮನೆ ಗುಟ್ಟಿನ ಹೆಸ್ರು ಕೇಳಿ, ಕಡತದಲ್ಲಿ ಬರ್ಕತಿದ್ದೆ. ಒಂದು ಮನೇಲಿ "ಸಣ್ಣಪ್ಪ", ಒಂದು ಮನೇಲಿ "ಪಟೇಲ್ರು", ಎಚ್.ಡಿ. ಕೋಟೆ ಕಡೆ ಒಂದು ಮನೇಲಿ "ಮೇಷ್ಟ್ರು". ಸಾಹೇಬ್ರು ಕಡತ ನೋಡಿ, "ಪಟೇಲರು ಹನ್ನೊಂದು ಸತ್ತಿದ್ದಾರೆ ಅಂದ್ರೆ ಏನಮ್ಮಾ ಅರ್ಥ?" ಅಂತ ಎದೆ ಹಿಡ್ಕಂಡ್ರು. ಈಗ ನಿಮ್ಗೆ ಅಂಟಿನ ಹಲಗೆ ಬಂದದೆ, ಮದ್ದಿನ ಬಿಲ್ಲೆ ಬಂದದೆ, ಸಿಮೆಂಟು ಗೋಡೆ ಬಂದದೆ. ಬರ್ಲಿ. ಬಿಲಕ್ಕೆ ಗಾಜಿನ ಚೂರು ಸೇರ್ಸಿದ ಮಣ್ಣು ಮೆತ್ತಿ, ರಾಗಿ ಗುಡಾಣದ ಬಾಯಿ ಬಿಗಿ ಮಾಡ್ಸಿದ್ರೆ ಅರ್ಧ ಕೆಲ್ಸ ಆಯ್ತದೆ. ಮಿಕ್ಕರ್ಧ ಆ ಮನೆ ಹೆಂಗಸ್ರ ಜೊತೆ ಕೂತು ಅವರೆಕಾಯಿ ಸುಲಿಯೋದು. ಅದಕ್ಕೆ ನಿಮ್ ಇಲಾಖೇಲಿ ಟ್ರೇನಿಂಗ್ ಕೊಡಲ್ಲ.

ವರ್ಷ ಆದ್ಮೇಲೆ ಏನೋ ಕೆಲ್ಸದ ಮೇಲೆ ಕೆ.ಆರ್. ನಗರಕ್ಕೆ ಹೋದೋಳು, ಪಾರೀನ ನೋಡ್ಕಂಡು ಬರೋಣ ಅಂತ ಹೊಸ ಅಗ್ರಹಾರಕ್ಕೆ ಹೋದೆ. ಮನೇಲಿ ಈಗ ಇಬ್ರು ನಿಜವಾದ ಸೊಸೇರು. ಹಳೇ ಹೆಸ್ರು ನಡೆಯಲ್ಲ, ದಿನಾ ಜಗಳ ಆಯ್ತದೆ. ಹೊಸ ಹೆಸ್ರು ಏನಿಟ್ಟವ್ರೋ ಅಂತ ಯೋಚ್ನೆ ಮಾಡ್ತಾನೇ ಜಗಲಿ ಹತ್ತುದ್ರೆ, ಒಳಗಿಂದ ಪಾರಿ ಕೂಗ್ತಾವ್ಳೆ:

"ಅಜ್ಜೀ, ಬೇಗ ಬನ್ನಿ! ಸೇವ್ಕಮ್ಮ ಭತ್ತದ ಕಣಜಕ್ಕೆ ಬಿದ್ದವ್ಳೆ! ಏನ್ ದಪ್ಪಗೆ ಊದ್ಕಂಡವ್ಳೆ ಅಂತೀರಾ!"

"ಬಾಲ ಇಡ್ದು ಎತ್ತಾಕೇ! ಬುಟ್ರೆ ಇನ್ನಾರು ಸೇವ್ಕಮ್ಮ ಈಯ್ತಾಳೆ!" ಅಂತು ಅಜ್ಜಿ.

ನಾನು ಹೊಸಿಲ ಮೇಲೆ ನಿಂತ್ಕಂಡು, ಸೆರಗು ಸರಿ ಮಾಡ್ಕಂಡು, ಕೇಳ್ದೆ: "ಬಾಲ ಸಿಕ್ತೇನೇ ಪಾರಿ?"

ಒಳ್ಗಡೆ ಏನೋ ಪಾತ್ರೆ ಬಿತ್ತು. ಆಮೇಲೆ ಮೂರೂ ಜನ ಹೆಂಗಸ್ರು ಕಿಸಕ್ ಅಂದ್ರು. ಕಣಜದಲ್ಲಿದ್ದ ಸೇವ್ಕಮ್ಮ ಮಾತ್ರ ಆ ಸಂದೀಲಿ ತಪ್ಪಿಸ್ಕಂಡ್ಲು. ನನ್ ಕಾಲ ಮೇಲೇ ಹತ್ತಿ, ಇಳ್ದು, ಬೀದಿಗೆ ಓಡಿದ್ಲು. ನಾನು ಎಲ್ಲಿದ್ದೆ ಅಂತೀರಾ? ಆ ಮನೆ ಒರಳುಕಲ್ಲಿನ ಮೇಲೆ.